ಕ್ಲಚ್ ವಾಯರ್ ಬಿಗಿ ಆಗೇತೇನ್ರಿ? ಹೊಸಾದ ಹಾಕ್ಸೂಕಿಂತ ಮೊದಲ ಎಲ್ಲಿ ಹಿಡದೈತಿ ನೋಡ್ರಿ

ಕಬ್ಬಿನ ಸೀಜನ್ ಚಾಲೂ ಆತಂದ್ರ ಮುಧೋಳ, ಜಮಖಂಡಿ ಕಡಿ ರೋಡಿನ್ಯಾಗ ಬೈಕ್ ಹೊಡ್ಯಾವ್ರಿಗೆ ಎಡಗೈ ಬೆರಳ ನೋವ ಬರೂದ ಗ್ಯಾರಂಟಿ. ಮುಂದ ಎರಡ ಟ್ರ್ಯಾಲಿ ಕಬ್ಬ ಹೇರಿದ ಟ್ರ್ಯಾಕ್ಟರ್ ಹೊಂಟಿರ್ತೈತಿ, ಓವರ್‌ಟೇಕ್ ಮಾಡಾಕ ಜಾಗ ಇಲ್ಲ, ಫಸ್ಟ್ ಗೇರ್ ಸೆಕೆಂಡ್ ಗೇರ್ ಅಂತ ಕ್ಲಚ್ ಹಿಡ್ದು ಬಿಟ್ಟು ಹಿಡ್ದು ಬಿಟ್ಟು ಮಾಡೂದ ಕೆಲಸ, ಅದ್ರಾಗ ಕ್ಲಚ್ ಬಿಗಿ ಇದ್ರಂತೂ ಮುಗದೋತು. ಇಂಥಾ ಟೈಮನ್ಯಾಗ ಭಾಳ ಮಂದಿ ಮಾಡೂದು ಎರಡ ಕೆಲಸ. ಒಂದು, ಹ್ಯಾಂಡಲ್ ಕಡಿ ಅಡ್ಜಸ್ಟರ್ ತಿರುವಿ ಸಡ್ಲ ಮಾಡೂದು. ಇನ್ನೊಂದು, ಸೀದಾ ಗ್ಯಾರೇಜಿಗೆ ಹೋಗಿ ಹೊಸ ಕೇಬಲ್ ಹಾಕ್ಸೂದು. ಅಡ್ಜಸ್ಟರ್ ಸಡ್ಲ ಮಾಡಿದ್ರ ಕ್ಲಚ್ ಪೂರಾ ಬಿಡೂದಿಲ್ಲ, ಗೇರ್ ಕಿರ್ರ್ ಅಂತೈತಿ, ಬಿಗಿ ಮಾತ್ರ ಹಂಗ ಇರ್ತೈತಿ. ಹೊಸ ಕೇಬಲ್ ಹಾಕ್ಸಿದ್ರ ನಾಕ ದಿನ ಚಲೋ ಅನಸ್ತೈತಿ, ಆಮ್ಯಾಲೆ ಮತ್ತ ಮೊದಲಿನಂಗ. ಯಾಕಂದ್ರ ಹಿಡಕೊಂಡಿದ್ದು ಕೇಬಲ್ ಅಲ್ಲ, ಲಿವರ್ ಬೋಲ್ಟ ಇರಬಹುದು, ಇಲ್ಲಾ ಇಂಜಿನ್ ಕಡಿ ಕೇಬಲ್ ಜಗ್ಗೂ ಸಣ್ಣ ಆರ್ಮ್ ಇರಬಹುದು.

ಹಿಡಕೊಳ್ಳಾಕ ಜಾಗ ಇರೂದ ಮೂರು: ಮ್ಯಾಲ ಲಿವರ್, ನಡಬರಕ ಕೇಬಲ್, ಕೆಳಗ ಇಂಜಿನ್ ಆರ್ಮ್. ಮೂರನ್ನೂ ಬಿಡಿಸಿ ಬ್ಯಾರೆ ಬ್ಯಾರೆ ಮಾಡಿ ನೋಡೂತನಕ ಯಾವ ಸಾಮಾನಕ್ಕೂ ರೊಕ್ಕ ಕೊಡಬ್ಯಾಡ್ರಿ. ಬಿಚ್ಚಿ ನೋಡೂದು ಅರ್ಧಾ ತಾಸಿನ ಕೆಲಸ, ಮನೀ ಮುಂದ ಕಟ್ಟಿ ಮ್ಯಾಲ ಕುಂತ ಮಾಡಬಹುದು.

ಕೇಬಲ್ ಕೆಲಸ ಮಾಡೂದ ಹ್ಯಾಂಗ

ಇದಕ್ಕ ಬೌಡನ್ ಕೇಬಲ್ ಅಂತಾರ. ಇಂಗ್ಲೆಂಡಿನ ಬೌಡನ್ ಅನ್ನಾಂವ 1896ರಾಗ ಪೇಟೆಂಟ್ ಮಾಡಿಸಿದ್ದು, ಇವತ್ತಿಗೂ ಲೆಕ್ಕ ಅದ ಐತಿ. ಒಳಗ ಸಣ್ಣ ಸಣ್ಣ ಸ್ಟೀಲ್ ಎಳಿ ಹೊಸೆದು ಮಾಡಿದ ಇನ್ನರ್ ವಾಯರ್, ಅದರ ಸುತ್ತ ಸ್ಪ್ರಿಂಗಿನಂಗ ಸುತ್ತಿದ ತಂತಿ ಇರೂ ಔಟರ್, ಔಟರ್ ಮ್ಯಾಲ ಕರೀ ಪ್ಲಾಸ್ಟಿಕ್. ಈಗಿನ ಕೇಬಲ್‌ಗಳಾಗ ಭಾಳಷ್ಟಕ್ಕ ಇನ್ನರ್ ಮತ್ತ ಔಟರ್ ನಡಬರಕ ಪ್ಲಾಸ್ಟಿಕ್ ಲೈನರ್ ಇರ್ತೈತಿ, ನೈಲಾನ್ ಇಲ್ಲಾ ಟೆಫ್ಲಾನ್. ನಾವು ಲಿವರ್ ಹಿಡದಾಗ ಇನ್ನರ್ ಜಗ್ಗತೈತಿ, ಅಷ್ಟ ಜೋರಿಲೆ ಔಟರ್ ಎರಡೂ ತುದಿಗೆ ಒತ್ತತೈತಿ. ಇದನ್ನ ಮಂದಿ ಮರೀತಾರ. ಔಟರ್ ತುದಿ ಕ್ಯಾಪ್ ಸಡ್ಲ ಇದ್ರ, ಇಲ್ಲಾ ಔಟರ್ ಒಂದ ಕಡಿ ಮುರದಿದ್ರ, ನಾವು ಜಗ್ಗಿದ್ದೆಲ್ಲಾ ಔಟರ್ ಕುಗ್ಗೂದ್ರಾಗ ಹೋಗತೈತಿ, ಕೆಳಗ ಆರ್ಮ್‌ತನಕ ಮುಟ್ಟೂದ ಇಲ್ಲ.

ಇನ್ನೊಂದು, ತಿರುವು. ಎತ್ತಿನ ಹಗ್ಗ ಗೂಟಕ್ಕ ಒಂದ ಸುತ್ತ ಹಾಕಿದ್ರ ಒಂದ ಕೈಲೆ ಹಿಡೀಬಹುದಲ್ರಿ, ಕೇಬಲ್‌ನ್ಯಾಗೂ ಅದ ಆಗೂದು, ಆದ್ರ ಇಲ್ಲೆ ಅದು ನಮಗ ಉಲ್ಟಾ. ಕೇಬಲ್ ಎಷ್ಟ ಬಗ್ಗಿರ್ತೈತಿ ಅಷ್ಟ ತಿಕ್ಕಾಟ, ಎಡಕ್ಕ ಬಗ್ಗಿದ್ದು ಬಲಕ್ಕ ಬಗ್ಗಿದ್ದು ಎಲ್ಲಾ ಕೂಡೇ ಲೆಕ್ಕಕ್ಕ ಬರ್ತೈತಿ. ಎಲ್ಲಾ ತಿರುವು ಕೂಡಿ ಒಂದ ಪೂರಾ ಸುತ್ತು, ಅಂದ್ರ 360 ಡಿಗ್ರಿ ಆತು ಅನ್ರಿ. ಒಳಗ ಸ್ವಚ್ಛ ಐತಿ, ಎಣ್ಣಿ ಐತಿ, ತಿಕ್ಕಾಟದ ಗುಣಾಂಕ (ಎಷ್ಟ ತಿಕ್ಕತೈತಿ ಅನ್ನೂ ಅಳತಿ) 0.1 ಅಂತ ಹಿಡದ್ರ ಕೆಳಗ ಬೇಕಾದ ಜೋರಿನ ಹತ್ತಹತ್ರ 1.9 ಪಟ್ಟು ಮ್ಯಾಲ ನಾವು ಹಾಕಬೇಕಾಗ್ತೈತಿ. ಧೂಳ ಹೊಕ್ಕು ಆ ಗುಣಾಂಕ 0.2 ಆದ್ರ 3.5 ಪಟ್ಟು. ಇದು ಕೂಡಿಸೂ ಲೆಕ್ಕದಾಗ ಅಲ್ಲ, ಗುಣಾಕಾರದಾಗ ಏರತೈತಿ. ಅದಕ್ಕ ಒಂದ ಸಣ್ಣ ತಪ್ಪ ತಿರುವು ಸೈತ ಕೈಗೆ ಗೊತ್ತಾಗ್ತೈತಿ.

ಏನೇನ ಬೇಕು

10, 12, 14 ನಂಬರ್ ಪಾನಾ, ಒಂದ ಪಕ್ಕಡ್, ಸ್ಕ್ರೂ ಡ್ರೈವರ್, ಹಳೆ ಬನಿಯನ್ ಅರಿವಿ, ಚಿಮಣಿ ಎಣ್ಣಿ ಇಲ್ಲಾ ಡೀಸೆಲ್ ಸ್ವಲ್ಪ, ತೆಳ್ಳಗಿನ ಎಣ್ಣಿ, ಸ್ವಲ್ಪ ಗ್ರೀಸ್, 400 ನಂಬರ್ ಪಾಲಿಶ್ ಪೇಪರ್, ಒಂದ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಒಂದ ಮಾರು ಸುತಳಿ. ತೆಳ್ಳಗಿನ ಎಣ್ಣಿಗೆ ಹೊಲಿಗಿ ಮಿಶಿನ್ ಎಣ್ಣಿ ಭಾಳ ಚಲೋ, ಇಳಕಲ್ಲ, ರಬಕವಿ ಬನಹಟ್ಟಿ ಕಡಿ ಮಂದಿಗೆ ಇದನ್ನ ಹುಡುಕೂ ತ್ರಾಸ ಇಲ್ಲ ಬಿಡ್ರಿ. ಇಂಜಿನ್‌ದಿಂದ ಇಳಿಸಿದ ಕರೀ ಆಯಿಲ್ ಮಾತ್ರ ಬ್ಯಾಡ, ಗ್ಯಾರೇಜಿನ್ಯಾಗ ಪುಕ್ಕಟ ಸಿಗತೈತಿ ಅಂತ ಅದನ್ನ ಸುರೀತಾರ, ಅದ್ರಾಗ ಸವದ ಲೋಹದ ಹುಡಿ, ಮಸಿ ಎಲ್ಲಾ ಇರ್ತೈತಿ, ಕೇಬಲ್ ಒಳಗ ಹೋದ್ರ ಅದ ತಿಕ್ಕತೈತಿ.

ಬಿಚ್ಚೂಕಿಂತ ಮೊದಲ

ಇಂಜಿನ್ ಬಂದ್ ಮಾಡ್ರಿ, ಗಾಡಿ ಡಬಲ್ ಸ್ಟ್ಯಾಂಡ್ ಹಾಕ್ರಿ, ತಣ್ಣಗಾಗಾಕ ಬಿಡ್ರಿ. ಈಗ ಲಿವರ್‌ನ ನಿಧಾನಕ್ಕ ಹಿಡದು ನಿಧಾನಕ್ಕ ಬಿಡ್ರಿ, ಜೋರ್ ಹಾಕಬ್ಯಾಡ್ರಿ, ಬೆರಳಿಗೆ ಏನ್ ಹೇಳತೈತಿ ನೋಡ್ರಿ. ಶುರುದಿಂದ ಕಡೀತನಕ ಒಂದ ಸಮ ಬಿಗಿ ಇದ್ರ ಒಳಗ ಒಣಗೇತಿ ಇಲ್ಲಾ ಧೂಳ ತುಂಬೇತಿ. ಒಂದ ಜಾಗಾದಾಗ ಟಕ್ ಅಂತ ತಡದು ಮುಂದ ಹೋದ್ರ ಎಳಿ ಹರದೈತಿ ಇಲ್ಲಾ ಔಟರ್ ಮುರದೈತಿ. ಹಿಡ್ಯಾಕ ಹಗುರ ಐತಿ ಆದ್ರ ಬಿಟ್ಟಾಗ ತಡಾ ಮಾಡಿ ವಾಪಸ್ ಬರ್ತೈತಿ ಅಂದ್ರ ಭಾಳ ಸಲ ಇಂಜಿನ್ ಕಡಿ ಆರ್ಮ್ ಜಂಗ ಹಿಡದಿರ್ತೈತಿ.

ಆಮ್ಯಾಲೆ ಹ್ಯಾಂಡಲ್ ಪೂರಾ ಎಡಕ್ಕ ತಿರುವಿ ಒಮ್ಮೆ, ಪೂರಾ ಬಲಕ್ಕ ತಿರುವಿ ಒಮ್ಮೆ ಹಿಡದು ನೋಡ್ರಿ. ಒಂದ ಕಡಿ ತಿರುವಿದಾಗಷ್ಟ ಬಿಗಿ ಆದ್ರ ಕೇಬಲ್ ಕೆಟ್ಟಿಲ್ಲ, ಅದನ್ನ ಹಾಯಿಸಿದ ದಾರಿ ಕೆಟ್ಟೈತಿ. ಹೆಡ್‌ಲೈಟ್ ಬಿಚ್ಚಿ ವೈರಿಂಗ್ ಕೆಲಸ ಮಾಡಿಸಿದ ಮ್ಯಾಲ, ಇಲ್ಲಾ ಉದ್ದಾನ ಹ್ಯಾಂಡಲ್ ಹಾಕ್ಸಿದ ಮ್ಯಾಲ ಇದು ಶುರು ಆಗಿದ್ರಂತೂ ಬ್ಯಾರೆ ಕಡಿ ಹುಡುಕೂದ ಬ್ಯಾಡ.

ಬಿಚ್ಚೂ ಮೊದಲ ಮೊಬೈಲಿನ್ಯಾಗ ಫೋಟೋ ತಗೊಳ್ರಿ, ಹ್ಯಾಂಡಲ್ ಹತ್ರ, ಟ್ಯಾಂಕ್ ಕೆಳಗ ಹೋಗೂ ಜಾಗಾ, ಇಂಜಿನ್ ಹತ್ರ, ಎಲ್ಲಾ. ಹಾಕೂ ಹೊತ್ತಿಗೆ ಯಾವ ಕ್ಲಿಪ್ಪಿನ ಒಳಗಿಂದ ಬಂದಿತ್ತು ಅನ್ನೂದ ಯಾರಿಗೂ ನೆನಪ ಇರೂದಿಲ್ಲ.

ಬಿಡಿಸೂದು

ಲಿವರ್ ಕಡಿ ರಬ್ಬರ್ ಬೂಟ್ ಹಿಂದ ಸರಿಸಿದ್ರ ಅಡ್ಜಸ್ಟರ್ ಮತ್ತ ಅದರ ಲಾಕ್ ನಟ್ ಕಾಣತಾವ. ಲಾಕ್ ನಟ್ ಸಡ್ಲ ಮಾಡಿ ಅಡ್ಜಸ್ಟರ್ ಪೂರಾ ಒಳಗ ತಿರುವ್ರಿ, ಆಗ ಕೇಬಲ್‌ಗೆ ಹೆಚ್ಚಿನ ಸಡಿಲ ಸಿಗತೈತಿ. ಕೆಳಗ ಇಂಜಿನ್ ಹತ್ರ ಬ್ರ್ಯಾಕೆಟ್‌ಗೆ ಎರಡ ನಟ್ ಇರ್ತಾವ, ಅವನ್ನೂ ಸಡ್ಲ ಮಾಡ್ರಿ. ಮೊದಲ ಕೆಳಗಿನ ತುದಿ ಆರ್ಮ್‌ದಿಂದ ತಗೀರಿ. ಆಮ್ಯಾಲೆ ಮ್ಯಾಲ ಅಡ್ಜಸ್ಟರ್, ಲಾಕ್ ನಟ್, ಲಿವರ್ ಹೋಲ್ಡರ್ ಮೂರರಾಗೂ ಒಂದ ಸೀಳು ಇರ್ತೈತಿ, ಮೂರೂ ಸೀಳು ಒಂದ ಸಾಲಿಗೆ ತಂದ್ರ ಇನ್ನರ್ ಜಾರಿ ಹೊರಗ ಬರ್ತೈತಿ, ನಿಪ್ಪಲ್, ಅಂದ್ರ ವಾಯರ್ ತುದಿಗೆ ಇರೂ ಸಣ್ಣ ತುಣುಕ, ಲಿವರ್ ಕೆಳಗಿಂದ ತಗೀಬಹುದು. ಪಕ್ಕಡಲೆ ಜಗ್ಗೂದು ಬಡಿಯೂದು ಏನೂ ಬ್ಯಾಡ, ಬರವಲ್ದು ಅಂದ್ರ ಸೀಳು ಸಾಲಿಗೆ ಬಂದಿಲ್ಲ ಅಂತ ಅರ್ಥ.

ಈಗ ಮೂರೂ ಬ್ಯಾರೆ ಆದವು. ಲಿವರ್ ಒಂದ ಬೆರಳಲೆ ಆಡಸ್ರಿ, ಅದು ಸಡ್ಲಾಗಿ ಆಡಬೇಕು. ಕೇಬಲ್ಲಿನ ಎರಡೂ ತುದಿ ಹಿಡದು ಇನ್ನರ್ ಹಿಂದ ಮುಂದ ಜಗ್ಗ್ರಿ, ಕೇಬಲ್ ಸೀದಾ ಹಿಡದಾಗೂ ನೋಡ್ರಿ, ಗಾಡಿಯೊಳಗ ಬಗ್ಗಿದ್ದಂಗ ಬಗ್ಗಿಸಿನೂ ನೋಡ್ರಿ. ಇಂಜಿನ್ ಆರ್ಮ್‌ನ ಕೈಲೆ ತಳ್ರಿ, ಮೊದಲ ಸ್ವಲ್ಪ ಸಡ್ಲಾಗಿ ಹೋಗಿ ಆಮ್ಯಾಲೆ ಕ್ಲಚ್ ಸ್ಪ್ರಿಂಗ್ ತಡೀತೈತಿ, ಆ ಗಟ್ಟಿತನ ಸಹಜ, ಅದು ರೋಗ ಅಲ್ಲ. ನೋಡೂದೇನಂದ್ರ ಮೊದಲಿನ ಸಡ್ಲ ಭಾಗ ಕಿರಿಕಿರಿ ಇಲ್ದ ಹೋಗತೈತಿಲ್ಲ, ಬಿಟ್ಟಾಗ ತನ್ನ ತಾನ ವಾಪಸ್ ಬರ್ತೈತಿಲ್ಲ. ಇಲ್ಲೇ ಗೊತ್ತಾಗಿ ಹೋಗತೈತಿ ಕಳ್ಳ ಯಾರಂತ. ಒಬ್ಬರಕಿಂತ ಹೆಚ್ಚೂ ಇರಬಹುದು.

ಲಿವರ್ ಹಿಡದಿದ್ರ

ಲಿವರ್ ಬೋಲ್ಟ್ ತಗೀರಿ. ಕೆಳಗ ಲಾಕ್ ನಟ್ ಇರ್ತೈತಿ, ಮೊದಲ ಅದು, ಆಮ್ಯಾಲೆ ಬೋಲ್ಟ್. ಬೋಲ್ಟಿನ ಮ್ಯಾಲ ಒಣಗಿದ ಗ್ರೀಸು ಎರಿ ಮಣ್ಣು ಕೂಡಿ ಕರೀ ಅಂಟಾಗಿ ಕುಂತಿರ್ತೈತಿ, ಚಿಮಣಿ ಎಣ್ಣ್ಯಾಗ ತೊಳದು ಪಾಲಿಶ್ ಪೇಪರಲೆ ಹಗುರಕ ತಿಕ್ಕ್ರಿ, ಲಿವರಿನ ತೂತನ್ನೂ ಅರಿವಿ ಸುತ್ತಿದ ಕಡ್ಡೀಲೆ ಒರಸ್ರಿ. ಬೋಲ್ಟ್‌ನ ಗಾಜಿನ ಮ್ಯಾಲ ಉರುಳಿಸಿ ನೋಡ್ರಿ, ಗಾಡಿ ಒಮ್ಮೆ ಬಿದ್ದಿದ್ರ ಬೋಲ್ಟ್ ಬಗ್ಗಿರ್ತೈತಿ, ಬಗ್ಗಿದ್ರ ಬದ್ಲಿ ಮಾಡ್ರಿ, ಭಾಳ ದೊಡ್ಡ ಖರ್ಚೇನ ಅಲ್ಲ. ವಾಪಸ್ ಹಾಕೂ ಮುಂದ ತೆಳ್ಳಗ ಗ್ರೀಸ್ ಹಚ್ರಿ. ಬೋಲ್ಟ್ ಪೂರಾ ಬಿಗದು ಲಿವರ್ ಹಿಡಕೊಳ್ಳತೈತೇನ ನೋಡ್ರಿ, ಹಿಡಕೊಂಡ್ರ ಸ್ವಲ್ಪ ಸಡ್ಲ ಮಾಡಿ ಆ ಜಾಗಾದಾಗ ಬೋಲ್ಟ್ ಹಿಡದು ಲಾಕ್ ನಟ್ ಬಿಗೀರಿ. ಗ್ಯಾರೇಜ್ ಹುಡುಗ್ರು ಗಡಿಬಿಡಿಯೊಳಗ ಬೋಲ್ಟ್ ಇರೂವಷ್ಟು ಬಿಗದು ಬಿಡ್ತಾರ, ಅರ್ಧಾ ಗಾಡಿಗಳ ಬಿಗಿ ಕ್ಲಚ್‌ಗೆ ಇದ ಕಾರಣ ಅಂತ ನನ್ನ ಲೆಕ್ಕ.

ಈಗ ನಿಪ್ಪಲ್. ಕೇಬಲ್ ತುದಿಗೆ ಸಣ್ಣ ಡ್ರಮ್ಮಿನ ಆಕಾರದ ತುಣುಕ ಐತಲ್ಲ, ಅದು ಲಿವರಿನ ತೂತಿನ್ಯಾಗ ತಿರಗಬೇಕು. ಇದನ್ನ ಯಾರೂ ನೋಡೂದಿಲ್ಲ, ಕೇಬಲ್ ಹರಿಯೂದ ಮಾತ್ರ ಇಲ್ಲೇ. ಲಿವರ್ ಹಿಡದಾಗ ಲಿವರ್ ಕೋನ ಬದಲಾಗ್ತೈತಿ, ನಿಪ್ಪಲ್ ತಿರಗಿದ್ರ ವಾಯರ್ ಸೀದಾ ಉಳೀತೈತಿ, ತಿರಗಲಿಲ್ಲ ಅಂದ್ರ ನಿಪ್ಪಲ್ ಕುತಗೀ ಹತ್ರ ವಾಯರ್ ಪ್ರತಿ ಸಲ ಬಗ್ಗತೈತಿ, ಬಗ್ಗಿ ಬಗ್ಗಿ ಒಂದೊಂದ ಎಳಿ ಮುರೀತೈತಿ. ನಿಪ್ಪಲ್ ಹತ್ರ ಬೆಳಕ ಹಿಡದು ನೋಡ್ರಿ, ಒಂದ ಎಳಿ ಮೀಸಿಯಂಗ ಹೊರಗ ಚಾಚಿದ್ರ ಆ ಕೇಬಲ್ ಕಥಿ ಮುಗೀತು, ಎಣ್ಣಿ ಹಾಕೂ ಕೆಲಸಾ ಬ್ಯಾಡ. ಎಳಿ ಎಲ್ಲಾ ಸರಿ ಇದ್ರ ತೂತ ಒರಸಿ ನಿಪ್ಪಲ್‌ಗೆ ಬಟಾಣಿ ಕಾಳಿನ ಅರ್ಧದಷ್ಟು ಗ್ರೀಸ್ ಹಚ್ರಿ, ಗ್ರೀಸ್ ಬೇಕಾದದ್ದು ಇಲ್ಲಿ, ಕೇಬಲ್ ಒಳಗ ಅಲ್ಲ.

ಕೇಬಲ್ ಹಿಡದಿದ್ರ

ಗಾಡಿಯಿಂದ ಹೊರಗ ತಗಿಯೂ ಮುಂದ ಸುತಳಿ ಒಂದ ತುದಿ ಕೇಬಲ್ಲಿಗೆ ಕಟ್ಟಿ ಜಗ್ಗ್ರಿ, ಕೇಬಲ್ ಬಂದ ದಾರಿಯೊಳಗ ಸುತಳಿ ಉಳೀತೈತಿ, ವಾಪಸ್ ಹಾಕುವಾಗ ಆ ಸುತಳಿ ಹಿಡದು ಜಗ್ಗಿದ್ರ ಕೇಬಲ್ ಅದ ದಾರಿಗೆ ಹೋಗತೈತಿ, ಟ್ಯಾಂಕ್ ಬಿಚ್ಚೂ ಕೆಲಸ ತಪ್ಪತೈತಿ.

ಔಟರ್ ಮ್ಯಾಲ ಕೈ ಆಡಿಸಿ ನೋಡ್ರಿ. ಸೈಲೆನ್ಸರ್ ಇಲ್ಲಾ ಇಂಜಿನ್ ಹೆಡ್ ಹತ್ರ ಪ್ಲಾಸ್ಟಿಕ್ ಕರಗಿರ್ತೈತಿ, ಬಿಸಲಿಗೆ ಸೀಳಿರ್ತೈತಿ, ವಿಜಾಪುರ ಕಡಿ ಬ್ಯಾಸಿಗ್ಯಾಗ 40 ಡಿಗ್ರಿ ಮ್ಯಾಲ ಹೋಗೂ ಬಿಸಲಿನ್ಯಾಗ ಗಾಡಿ ದಿನಾ ನಿಂತ್ರ ಪ್ಲಾಸ್ಟಿಕ್ ಎಷ್ಟ ದಿನ ತಡದೀತು. ಪ್ಲಾಸ್ಟಿಕ್ ಸೀಳಿ ಒಳಗಿನ ಸ್ಪ್ರಿಂಗ್ ತಂತಿ ಕಂಡ್ರ ಮಳಿಗಾಲದಾಗ ನೀರ ಅಲ್ಲಿಂದನ ಹೋಗಿರ್ತೈತಿ. ಇಂಥಾದ್ದಕ್ಕ ಟೇಪ್ ಸುತ್ತಿ ಹಾಕೂದು ನಾಕ ದಿನದ ಕೆಲಸ, ಬದ್ಲಿ ಮಾಡ್ರಿ. ಇನ್ನರ್ ಕಾಣೂ ಭಾಗನ ಬರಿಗೈಲೆ ಮುಟ್ಟಬ್ಯಾಡ್ರಿ, ಅರಿವಿ ಹಿಡದು ಎಳೀರಿ, ಅರಿವಿ ಎಲ್ಲಿ ಸಿಗಬೀಳತೈತಿ ಅಲ್ಲಿ ಎಳಿ ಹರದೈತಿ.

ಎಲ್ಲಾ ಸರಿ ಐತಿ, ಬರೇ ಒಣಗೇತಿ ಇಲ್ಲಾ ಹೊಲಸಾಗೇತಿ ಅಂದ್ರ ಮಾತ್ರ ತೊಳಿಯೂದು. ಕೇಬಲ್‌ನ ಬಾಗಲ ಚೌಕಟ್ಟಿನ ಮೊಳಿಗೆ ಸೀದಾ ನೇತ ಹಾಕ್ರಿ, ಕೆಳಗ ಒಂದ ಡಬ್ಬಿ ಇಡ್ರಿ. ಪ್ಲಾಸ್ಟಿಕ್ ಚೀಲದ ಒಂದ ಮೂಲಿ ಸಣ್ಣಗ ಕತ್ತರಿಸಿ ಅದರೊಳಗ ಔಟರಿನ ಮ್ಯಾಲಿನ ತುದಿ ತೂರಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ರಿ, ಪುಗಸಟ್ಟೆ ಲಾಳಿಕಿ ರೆಡಿ. ಅದರಾಗ ಎರಡ ಚಮಚಾ ಚಿಮಣಿ ಎಣ್ಣಿ ಹಾಕಿ ಇನ್ನರ್‌ನ ಮ್ಯಾಲ ಕೆಳಗ ಆಡಿಸ್ತಾ ಇರ್ರಿ. ಮೊದಲ ಕರಿ, ಇಲ್ಲಾ ಜಂಗಿನ ಕೆಂಪು ನೀರ ಬರ್ತೈತಿ, ಸ್ವಚ್ಛ ಬರೂತನಕ ಹಾಕ್ರಿ. ಹತ್ರ ಒಲಿ, ಬೀಡಿ, ಸಿಗರೇಟ್ ಇರಬಾರದು, ಪೆಟ್ರೋಲ್ ಉಪಯೋಗಿಸೂದ ಬ್ಯಾಡ. ಪಂಚರ್ ಅಂಗಡಿ ಹತ್ರ ಇದ್ರ ಗಾಳಿ ಹೊಡಿಸಿ ಒಣಗಿಸ್ರಿ, ಇಲ್ಲಾ ಬಿಸಲಿಗೆ ನೇತ ಬಿಡ್ರಿ. ಕೆಂಪು ಹುಡಿ ಬರೂದ ನಿಂದ್ರವಲ್ದು ಅಂದ್ರ ಒಳಗ ಸವದು ಹೋಗೇತಿ, ಅದನ್ನ ಎಣ್ಣಿ ಹಾಕಿ ಉಳಿಸೂ ಪ್ರಯತ್ನ ಸುಮ್ನ ದಂಡ.

ಒಣಗಿದ ಮ್ಯಾಲ ಅದ ಲಾಳಿಕಿಯೊಳಗ ಹೊಲಿಗಿ ಮಿಶಿನ್ ಎಣ್ಣಿ ಹಾಕಿ ರಾತ್ರಿ ಹಂಗ ಬಿಡ್ರಿ. ಮುಂಜಾನೆ ಕೆಳಗಿನ ತುದಿಯಿಂದ ಎಣ್ಣಿ ತೊಟ್ಟಿಕ್ಕಿದ್ರ ಪೂರಾ ಹೋಗಿ ಮುಟ್ಟೇತಿ ಅಂತ. ಹೊರಗಿನ ಎಣ್ಣಿ ಒರಸ್ರಿ. ಗ್ರೀಸ್ ಯಾಕ ಬ್ಯಾಡ ಅಂದ್ರ ಅದು ದಪ್ಪ, ಉದ್ದಕ್ಕೂ ಒಳಗ ಹೋಗೂದ ಇಲ್ಲ, ತುದಿಯೊಳಗ ಕುಂತು ನಮ್ಮ ಎರಿ ಹೊಲದ ಧೂಳ ಹಿಡದು ತಿಕ್ಕೂ ಪೇಸ್ಟ್ ಆಗತೈತಿ, ಚಳಿಗಾಲದ ಮುಂಜಾನೆ ಇನ್ನೂ ಗಟ್ಟಿ. ಡಬ್ಬಿ ಸ್ಪ್ರೇ ಹೊಡ್ಯಾವ್ರಿಗೆ ಒಂದ ಮಾತು, ಜಂಗ ಬಿಡಿಸೂ ಸ್ಪ್ರೇ ತೊಳಿಯಾಕ ಚಲೋ, ಎಣ್ಣಿ ಕೆಲಸ ಭಾಳ ದಿನ ಮಾಡೂದಿಲ್ಲ. ಲೈನರ್ ಇರೂ ಕೇಬಲ್ ಪಾಕೀಟಿನ ಮ್ಯಾಲ ಎಣ್ಣಿ ಹಾಕಬ್ಯಾಡ್ರಿ ಅಂತ ಬರದಿದ್ರ ಹಾಕಬ್ಯಾಡ್ರಿ, ಬರೇ ತುದಿ ಒರಸಿ ಇಟ್ರ ಸಾಕು.

ಇಂಜಿನ್ ಆರ್ಮ್ ಹಿಡದಿದ್ರ

ಇದು ಭಾಳ ಗಾಡಿಗಳಾಗ ಇಂಜಿನ್ ಬಲಗಡಿ ಕವರಿನ ಮ್ಯಾಲಿರ್ತೈತಿ, ಆರ್ಮ್ ಕೆಳಗ ಒಂದ ಸಣ್ಣ ಶಾಫ್ಟ್ ಕವರಿನ ಒಳಗ ಹೋಗತೈತಿ. ವಾಟರ್ ಸರ್ವಿಸಿಂಗ್‌ನ್ಯಾಗ ಪ್ರೆಶರ್ ಪೈಪ್ ಸೀದಾ ಇಲ್ಲೆ ಹಿಡೀತಾರ, ನೀರ ಸೀಲಿನ ತುಟಿಯಾಗ ನಿಂತು ಶಾಫ್ಟ್ ಜಂಗ ಹಿಡೀತೈತಿ. ಸುತ್ತಲಿನ ಮಣ್ಣ ಮೊದಲ ಬ್ರಶ್‌ಲೆ ತಗೀರಿ, ಇಲ್ಲಾಂದ್ರ ಅದ ಒಳಗ ಹೋಗತೈತಿ. ಆಮ್ಯಾಲೆ ಶಾಫ್ಟ್ ಬುಡಕ್ಕ ಜಂಗ ಬಿಡಿಸೂ ಸ್ಪ್ರೇ ಸ್ವಲ್ಪ ಹೊಡದು ಆರ್ಮ್ ಆಡಿಸ್ತಾ ಇರ್ರಿ, ಸಡ್ಲ ಆದ ಮ್ಯಾಲ ಎರಡ ಹನಿ ಎಣ್ಣಿ. ಇಷ್ಟಕ್ಕೂ ಬಿಡವಲ್ದಂದ್ರ ಕವರ್ ಬಿಚ್ಚೂ ಕೆಲಸ, ಗ್ಯಾಸ್ಕೆಟ್, ಇಂಜಿನ್ ಆಯಿಲ್ ಎಲ್ಲಾ ಬರ್ತೈತಿ, ಅದನ್ನ ಮೆಕ್ಯಾನಿಕ್ಕಿಗೆ ಬಿಡ್ರಿ, ಆದ್ರ ಆರ್ಮ್ ಹಿಡದೈತಿ ಅಂತ ಹೇಳಿ ಕೊಡ್ರಿ, ಸುಮ್ನ ಕ್ಲಚ್ ಬಿಗಿ ಅಂದ್ರ ಕ್ಲಚ್ ಪ್ಲೇಟ್ ಲೆಕ್ಕಾ ಶುರು ಆಗತೈತಿ.

ವಾಪಸ್ ಹಾಕೂದು, ಪ್ಲೇ ಇಡೂದು

ಸುತಳಿ ದಾರಿಗೆ ಕೇಬಲ್ ಹಾಯಿಸಿ ಫೋಟೋ ನೋಡಿ ಹೊಂದಿಸ್ರಿ. ತಿರುವು ದೊಡ್ಡಾವಿರಬೇಕು, ಟ್ಯಾಂಕ್ ಕೆಳಗ ಅಡಕಲಾಗಬಾರದು. ಟ್ಯಾಗ್ ಹಾಕಿ ಕಟ್ಟಿದ್ರ ಸಡ್ಲ ಕಟ್ರಿ, ಕೇಬಲ್ ಟ್ಯಾಗಿನ ಒಳಗ ಜಾರಬೇಕು. ಹ್ಯಾಂಡಲ್ ಎರಡೂ ಕಡಿ ಪೂರಾ ತಿರುವಿ ಎಲ್ಲೂ ಜಗ್ಗವಲ್ದು ಅಂತ ಖಾತ್ರಿ ಮಾಡಕೊಳ್ರಿ. ಮೊದಲ ಮ್ಯಾಲಿನ ತುದಿ, ಆಮ್ಯಾಲೆ ಕೆಳಗಿಂದು.

ಮ್ಯಾಲಿನ ಅಡ್ಜಸ್ಟರ್ ಒಂದೆರಡ ಸುತ್ತ ಹೊರಗ ಇಟ್ಟು ದೊಡ್ಡ ಅಡ್ಜಸ್ಟ್‌ಮೆಂಟ್ ಕೆಳಗಿನ ನಟ್‌ಲೆ ಮಾಡ್ರಿ, ಸಣ್ಣದ್ದು ಮ್ಯಾಲ. ಸಾದಾ ಬೈಕ್‌ಗಳಿಗೆ ಲಿವರ್ ತುದಿಯೊಳಗ 10ರಿಂದ 20 ಮಿಲಿಮೀಟರ್ ಪ್ಲೇ (ಕೇಬಲ್ ಜಗ್ಗೂಕಿಂತ ಮೊದಲ ಲಿವರ್ ಸುಮ್ನ ಆಡೂ ಜಾಗಾ) ಇಡ್ತಾರ, ನಿಮ್ಮ ಗಾಡಿದು ಎಷ್ಟಂತ ಮ್ಯಾನುಯಲ್‌ನ್ಯಾಗ ಐತಿ, ಅದನ್ನ ಹಿಡೀರಿ. ಪ್ಲೇ ಇಲ್ಲಾಂದ್ರ ಕ್ಲಚ್ ಪೂರಾ ಕೂಡೂದಿಲ್ಲ, ಏರಿನ್ಯಾಗ ಇಂಜಿನ್ ಒದರತೈತಿ ಗಾಡಿ ಹೋಗವಲ್ದು, ಪ್ಲೇಟ್ ಸುಡತಾವ. ಹೆಚ್ಚಾದ್ರ ನ್ಯೂಟ್ರಲ್ ಸಿಗೂದಿಲ್ಲ. ಲಾಕ್ ನಟ್ ಬಿಗೀರಿ, ರಬ್ಬರ್ ಬೂಟ್ ವಾಪಸ್ ಏರಸ್ರಿ, ಆ ಬೂಟ್ ಹರದಿದ್ರ ಹೊಸಾದ ಹಾಕ್ರಿ, ಧೂಳ ಒಳಗ ಹೋಗೂ ಮುಖ್ಯ ಬಾಗಲ ಅದ.

ಎಕ್ಸಿಲೇಟರ್ ವಾಯರ್ ವಿಷಯ ಬ್ಯಾರೆ

ಕ್ಲಚ್ ಬಿಗಿ ಆದ್ರ ಕೈ ನೋಯತೈತಿ, ಎಕ್ಸಿಲೇಟರ್ ಹಿಡಕೊಂಡ್ರ ಜೀವಕ್ಕ ಬರ್ತೈತಿ. ಇಂಜಿನ್ ಬಂದ್ ಇದ್ದಾಗ ಪೂರಾ ತಿರುವಿ ಕೈ ಬಿಡ್ರಿ, ಟಪ್ ಅಂತ ತನ್ನ ತಾನ ಮುಚ್ಚಬೇಕು, ಹ್ಯಾಂಡಲ್ ಸೀದಾ ಇದ್ದಾಗ, ಎಡಕ್ಕ, ಬಲಕ್ಕ ಮೂರೂ ಕಡಿ. ನಾವು ಕೈಲೆ ವಾಪಸ್ ತರಬೇಕಾದ್ರ ಗಾಡಿ ಹೊರಗ ತಗೀಬ್ಯಾಡ್ರಿ. ಆಮ್ಯಾಲೆ ಇಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನ್ಯಾಗ ಹ್ಯಾಂಡಲ್ ತಿರುವ್ರಿ, ತಿರುವಿದಂಗ ರೇಸ್ ಏರಿದ್ರ ಕೇಬಲ್ ಎಲ್ಲೋ ಜಗ್ಗತೈತಿ. ಕೇಬಲ್ ನೋಡೂ ಮೊದಲ ಗ್ರಿಪ್ ನೋಡ್ರಿ. ಗ್ರಿಪ್ ಮ್ಯಾಲ ಹೊಲಿಸಿದ ಕವರ್ ಹಾಕ್ಸಿದ್ರ ಅದು ಸ್ವಿಚ್ ಡಬ್ಬಿಗೆ ಇಲ್ಲಾ ತುದಿಯ ವೇಟ್‌ಗೆ ತಿಕ್ಕಿ ಹಿಡಕೊಂಡಿರ್ತೈತಿ, ಗ್ರಿಪ್ ಪೈಪಿನ ಒಳಗ ರಾಡಿ ಒಣಗಿರ್ತೈತಿ. ಅದನ್ನ ತಗದು ಹ್ಯಾಂಡಲ್ ಪೈಪ್ ಒರಸಿದ್ರ ಎಷ್ಟೋ ಸಲ ಕೆಲಸ ಮುಗದಿರ್ತೈತಿ. ಪ್ಲೇ ಗ್ರಿಪ್ಪಿನ ಅಂಚಿನ್ಯಾಗ 2ರಿಂದ 6 ಮಿಲಿಮೀಟರ್ ಸಾಮಾನ್ಯ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಾಗ ಕೆಳಗ ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡೂ ಭಾಗ) ಇದ್ರ ಅದಕ್ಕ ಎಣ್ಣಿ, ಸ್ಪ್ರೇ ಏನೂ ಹೊಡೀಬ್ಯಾಡ್ರಿ, ಅಲ್ಲಿ ಹಿಡದಿದ್ರ ಶೋರೂಮ್ ಕೆಲಸ. ಗಾಡಿ ಹೋಗೂ ಮುಂದ ಹಿಡಕೊಂಡು ಬಿಟ್ರ ಮೊದಲ ಕ್ಲಚ್ ಹಿಡೀರಿ, ಕಿಲ್ ಸ್ವಿಚ್ ಒತ್ರಿ, ಆಮ್ಯಾಲೆ ಬ್ರೇಕ್.

ಸ್ಕೂಟರಿನ ಡ್ರಮ್ ಬ್ರೇಕ್ ಕೇಬಲ್‌ಗೂ ಇದ ಲೆಕ್ಕ, ಅಲ್ಲೆ ಹಿಂದಿನ ಚಾಕದ ಹತ್ರ ಬ್ರೇಕ್ ಕ್ಯಾಮ್ (ಬ್ರೇಕ್ ಶೂ ಅಗಲಿಸೂ ಶಾಫ್ಟ್) ರಾಡಿಯೊಳಗ ಮುಳುಗಿ ಜಂಗ ಹಿಡದಿರ್ತೈತಿ, ಕೇಬಲ್ ಬಿಡಿಸಿ ಆರ್ಮ್ ಕೈಲೆ ಆಡಿಸಿದ್ರ ಗೊತ್ತಾಗ್ತೈತಿ. ಬ್ರೇಕ್ ಕೆಲಸದಾಗ ಎಣ್ಣಿ ಬ್ರೇಕ್ ಶೂಗೆ ಹತ್ತಿದ್ರ ಬ್ರೇಕ್ ಹೋಗತೈತಿ, ಅದಕ್ಕ ಹನಿ ಲೆಕ್ಕದಾಗ ಹಾಕ್ರಿ, ಹೆಚ್ಚಿಂದು ಒರಸ್ರಿ.

ಎಣ್ಣಿ ಹಾಕೂದು ವರ್ಷಕ್ಕ ಎರಡ ಸಲ ಸಾಕು, ಮಳಿಗಾಲ ಮುಗದ ಮ್ಯಾಲ ಒಮ್ಮೆ, ಕಬ್ಬಿನ ಸೀಜನ್ ಮುಗದ ಮ್ಯಾಲ ಒಮ್ಮೆ. ಹೊಲಕ್ಕ ದಿನಾ ಹೋಗೂ ಗಾಡಿ ಇದ್ರ ಇನ್ನೊಂದ ಸಲ ಹೆಚ್ಚು ಹಾಕ್ರಿ. ಇಳಕಲ್ಲಿಂದ ಹೊಸಪೇಟಿ ಕಡಿ, ಇಲ್ಲಾ ಸೊಲ್ಲಾಪುರ ಕಡಿ ದೂರ ಹೋಗಾವ್ರು ಒಂದ ಹೊಸ ಕ್ಲಚ್ ಕೇಬಲ್ ಹಳೇ ಕೇಬಲ್ಲಿನ ಪಕ್ಕದಾಗ ಹಾಯಿಸಿ ಟ್ಯಾಗ್ ಹಾಕಿ ಇಟ್ಟಬಿಡ್ರಿ, ತುದಿಗೆ ಪ್ಲಾಸ್ಟಿಕ್ ಸುತ್ತಿ. ದಾರಿಯೊಳಗ ಹರದ್ರ ಎರಡೂ ತುದಿ ಬದಲಿಸಿದ್ರ ಆತು. ಹೊಸ ಕೇಬಲ್ ಹಾಕಿದ ಮ್ಯಾಲ ಮೊದಲ ಕೆಲವು ದಿನ ಅದು ಕೂಡತೈತಿ, ಪ್ಲೇ ಹೆಚ್ಚಾಗತೈತಿ, ಹಂಗಾಗಿ ಒಂದ ವಾರ ಬಿಟ್ಟು ಮತ್ತೊಮ್ಮೆ ಅಳದು ಮ್ಯಾಲಿನ ಅಡ್ಜಸ್ಟರ್‌ಲೆ ಸರಿ ಮಾಡಕೊಳ್ರಿ.